ಸುಬೇದಾರ್ ಕಾಕಾನ ಜೊತೆ ಧಾರವಾಡದಿಂದ ಹೊಸರಿತ್ತಿಗೆ

ಶುಕ್ರವಾರ, ಧಾರವಾಡ

ಕಿತ್ತೂರಿನಲ್ಲಿ ಸತ್ತ ಥ್ಯಾಕರೆಯ ಸ್ಮಾರಕ ಧಾರವಾಡದಲ್ಲೇ ಇದೆ. ಇಲ್ಲೇ ಹುಟ್ಟಿ ಬೆಳೆದವರಲ್ಲೂ ಅದನ್ನು ನೋಡಿದವರು ಕಡಿಮೆ. ಸೇಂಟ್ ಜಾನ್ ಥ್ಯಾಕರೆ ಆಗ ಇಲ್ಲಿನ ಕಲೆಕ್ಟರ್. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಪಡೆ ಕಂಪನಿ ಸೈನ್ಯದ ಮೇಲೆ ಬಿದ್ದಾಗ ಸತ್ತ. ಅಮಟೂರು ಬಾಳಪ್ಪನ ಗುರಿಗೆ ಸಿಕ್ಕ ಅಂತ ನಾವು ಸಣ್ಣವರಿದ್ದಾಗಿಂದ ಕೇಳಿದ್ದು. ಗ್ಯಾದರಿಂಗ್ ನಾಟಕದಲ್ಲಿ ಥ್ಯಾಕರೆ ಬಂದ ಕೂಡಲೇ ಸಿಳ್ಳೆ, ಬಿದ್ದ ಕೂಡಲೇ ಇನ್ನೂ ಜಾಸ್ತಿ ಸಿಳ್ಳೆ.

ಕಾಕಾ ಆ ಕಲ್ಲಿನ ಮುಂದೆ ನಿಂತು ಟೋಪಿ ತೆಗೆದ. ಮದ್ರಾಸ್ ರೆಜಿಮೆಂಟಿನಲ್ಲಿ ಸುಬೇದಾರ್ ಆಗಿ ನಿವೃತ್ತನಾದ ಮನುಷ್ಯ. ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಟೋಪಿ ಇಲ್ಲದೆ ಅವನನ್ನು ನೋಡುವುದು ಅಪರೂಪ. ನನ್ನ ಅಕ್ಕನ ಮಗನಿಗೆ ಇದು ಸರಿ ಬರಲಿಲ್ಲ.

"ಅಜ್ಜಾ, ಅವ ನಮ್ಮ ವೈರಿ ಅಲ್ಲೇನು?"

"ಹೌದು. ಗೋರಿ ಮುಂದ ನಿಂತಾಗ ಟೋಪಿ ತೆಗೀಬೇಕು. ವೈರಿದಾದ್ರೂ ಅಷ್ಟೇ."

"ಹಂಗಾದ್ರ ಇವನೂ ಬಾಳಪ್ಪನೂ ಒಂದೇ ಅಂದಂಗಾತು."

"ಒಂದ ಹೆಂಗ ಆಗತಾವಲೇ? ಬಾಳಪ್ಪ ತನ್ನ ಮನೀ ಕಾಯಾಕ ನಿಂತಿದ್ದ. ಇವ ಇನ್ನೊಬ್ಬರ ಮನೀ ಬಾಗಲಾ ಒಡ್ಯಾಕ ಬಂದಿದ್ದ. ಇಬ್ಬರೂ ಹೆದರಲಿಲ್ಲ. ಹೆದರಲಿಲ್ಲ ಅಂದ ಮಾತ್ರಕ್ಕ ಇಬ್ಬರದೂ ಖರೇ ಆಗೂದಿಲ್ಲ."

ಈ ತಿರುಗಾಟ ಶುರುವಾದದ್ದು ನನ್ನಿಂದ. ನಮ್ಮ ಚರ್ಚಿನ ಸಭೆಯ ಯುವಜನರ ಕೂಟದಲ್ಲಿ ಆಗಸ್ಟ್ 15ಕ್ಕೆ ಮಾತಾಡಲು ನನಗೆ ಹೇಳಿದ್ದರು. ಸೈನಿಕರ ತ್ಯಾಗ, ಕ್ರಿಸ್ತನ ತ್ಯಾಗ, ಬಿಡುಗಡೆ. ಮೂರನ್ನೂ ಹೊಂದಿಸಿ, ಯೋಹಾನನ ಸುವಾರ್ತೆಯ 15ನೇ ಅಧ್ಯಾಯದ ವಚನ ಸೇರಿಸಿ ಎರಡು ಪುಟ ಬರೆದಿದ್ದೆ. ಸ್ನೇಹಿತರಿಗೋಸ್ಕರ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿ ಇಲ್ಲ ಅನ್ನುವ ವಚನ. ಸೈನಿಕರ ಸ್ಮಾರಕ ಇದ್ದಲ್ಲೆಲ್ಲ ಇದನ್ನು ಕೆತ್ತುತ್ತಾರೆ, ಹೇಳುತ್ತಾರೆ. ಕಾಕಾಗೆ ಓದಿ ತೋರಿಸಿದೆ. ಪೂರ್ತಿ ಕೇಳಿದ. "ಭಾಳ ನುಣುಪಾಗೈತಿ" ಅಂದ. ಒಂದೆರಡು ಕಡೆ ಹೋಗಿ ಬರೋಣ, ಆಮೇಲೆ ಬರಿ ಅಂದ. ಅವನ ಹಳೆ ಆಲ್ಟೊ ತೆಗೆದೆವು. ಹಿಂದಿನ ಸೀಟಿನಲ್ಲಿ ಹುಡುಗ, ಅವನ ಕಿವಿಯಲ್ಲಿ ಇಯರ್‌ಫೋನು.

ಥ್ಯಾಕರೆಯಿಂದ ಶುರು ಮಾಡಿದ್ದು ಯಾಕೆ ಅಂತ ಮಧ್ಯಾಹ್ನ ಹೊತ್ತಿಗೆ ತಿಳಿಯಿತು. ನಮ್ಮಂಥ ಕನ್ನಡ ಕ್ರೈಸ್ತರ ಮನೆಗಳಲ್ಲಿ ಒಂದು ಮುಜುಗರ ಇರುತ್ತದೆ. ಯಾರಾದರೂ ಸಿಟ್ಟು ಬಂದಾಗ ನಮಗೆ ಆಡುವ ಮಾತು ಒಂದೇ: ನೀವು ಬ್ರಿಟಿಷರ ಕಡೆಯವರು. ಇತಿಹಾಸ ಅಷ್ಟು ಸರಳ ಇಲ್ಲ. ಧಾರವಾಡಕ್ಕೆ 1837ರಲ್ಲಿ ಬಂದದ್ದು ಬಾಸೆಲ್ ಮಿಷನ್. ಜರ್ಮನರು, ಸ್ವಿಸ್ ಜನ. ನಿಘಂಟಿನ ಕಿಟ್ಟೆಲ್ 1853ರಲ್ಲಿ ಬಂದಾಗ ಕನ್ನಡದ ಮೊದಲ ಪಾಠ ಆದದ್ದು ಈ ಊರಲ್ಲೇ. ಆದರೂ ಇವರೆಲ್ಲ ಬಂದದ್ದು ಕಂಪನಿ ಗೆದ್ದ ನೆಲಕ್ಕೆ. ಚನ್ನಮ್ಮನ ಕೋಟೆ ಬಿದ್ದ ಮೇಲೆ ಹಾಕಿದ ರಸ್ತೆಯಲ್ಲೇ ಸುವಾರ್ತೆಯೂ ಬಂತು. ಇದನ್ನು ಹೇಳಲು ನಮಗೆ ನಾಚಿಕೆ ಬೇಡ. ಮುಚ್ಚಿಡುವುದೂ ಬೇಡ. ಹಳೆ ಇಂಗ್ಲಿಷ್ ಗೋರಿಗಳ ಮೇಲೆ ಬೈಬಲ್ ವಚನ ಕೆತ್ತುವ ರೂಢಿ ಇತ್ತು. ನಾವು ಓದುವ ಅದೇ ಬೈಬಲ್. ಸತ್ತವನ ಧರ್ಮ ಯಾವುದು ಅಂತ ನೋಡಿ ಅವನ ಯುದ್ಧ ಸರಿಯೋ ತಪ್ಪೋ ಹೇಳಲು ಬರುವುದಿಲ್ಲ ಅನ್ನುವುದಕ್ಕೆ ಧಾರವಾಡದ ಈ ಕಲ್ಲೇ ಸಾಕ್ಷಿ.

ಸಂಜೆ ಜಕ್ಕಣಿ ಬಾವಿ ಹತ್ತಿರ ಹೋದೆವು. 1921ರ ಜುಲೈ 1ರಂದು ಸರಾಯಿ ಅಂಗಡಿ ಪಿಕೆಟಿಂಗ್ ಹೊತ್ತಿನಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರು ಖಿಲಾಫತ್ ಕಾರ್ಯಕರ್ತರು ಸತ್ತ ಜಾಗದ ನೆನಪು. ಮಾರ್ಕೆಟ್ ಗದ್ದಲ, ಹಾರ್ನು, ಹೂವಿನ ಗಾಡಿಗಳು. ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ. ಹುಡುಗ ಒಂದು ಫೋಟೋ ತೆಗೆದ.

ಶನಿವಾರ, ಹುಬ್ಬಳ್ಳಿ, ಬೆಟದೂರು

ಬೆಂಗೇರಿಯ ಖಾದಿ ಸಂಘದಲ್ಲಿ ಆಗಸ್ಟ್ ತಿಂಗಳೆಂದರೆ ಮದುವೆ ಮನೆ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮುದ್ರೆಯ ರಾಷ್ಟ್ರಧ್ವಜ ತಯಾರಾಗುವುದು ಇಲ್ಲಿ. 2021ರ ಕೊನೆಗೆ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ನೇಯ್ದದ್ದಕ್ಕೂ ಒಪ್ಪಿಗೆ ಸಿಕ್ಕಿತು. ಆಮೇಲೆ ಖಾದಿ ಧ್ವಜದ ಬೇಡಿಕೆ ಬಿದ್ದುಹೋದ ಸಂಕಟ ಇಲ್ಲಿಯ ಹೆಣ್ಣುಮಕ್ಕಳ ಬಾಯಲ್ಲಿ ಈಗಲೂ ಕೇಳಬಹುದು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಅವರೇ.

ಒಬ್ಬ ಅಕ್ಕ ಚಕ್ರದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೀಲಿ ಚಕ್ರವನ್ನು ಬಿಳಿ ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ. ಈ ಬದಿಯ 24 ಗೆರೆಗಳ ಮೇಲೆ ಆ ಬದಿಯ 24 ಗೆರೆಗಳು ಕರಾರುವಾಕ್ಕಾಗಿ ಕೂರಬೇಕು. ಒಂದು ಎಳೆ ಆಚೀಚೆ ಆದರೂ ಬೆಳಕಿಗೆ ಹಿಡಿದಾಗ ಗೆರೆ ದಪ್ಪ ಕಾಣುತ್ತದೆ. ಆ ತುಂಡು ಬದಿಗೆ. ಆಮೇಲೆ ಕೇಸರಿ, ಹಸಿರು ಸೇರಿಸಿ ಹೊಲಿಗೆ. ಹೊಲಿಗೆ ಆದ ಮೇಲೆ ಅಂಚಿನಲ್ಲಿ ಹಗ್ಗ, ಹಗ್ಗದ ತುದಿಗೆ ಬೆರಳುದ್ದದ ಕಟ್ಟಿಗೆ ತುಂಡು. ಧ್ವಜದ ಅಳತೆ ಒಟ್ಟು ಒಂಬತ್ತು. ಮೇಜಿನ ಮೇಲೆ ಇಡುವ 6 ಇಂಚು, 4 ಇಂಚಿನದ್ದರಿಂದ ಹಿಡಿದು 21 ಅಡಿ, 14 ಅಡಿಯದ್ದರವರೆಗೆ.

ಕಾಕಾ 6 ಅಡಿ, 4 ಅಡಿಯದ್ದನ್ನು ಮುಟ್ಟಿ ನೋಡಿದ. ಸೈನಿಕರ ಶವಪೆಟ್ಟಿಗೆಗೆ ಹೊದಿಸುವುದು ಈ ಅಳತೆಯದ್ದು.

ಸರ್ವಿಸಿನಲ್ಲಿದ್ದಾಗ ಒಮ್ಮೆ ಒಬ್ಬ ಸಿಪಾಯಿಯ ದೇಹದ ಜೊತೆ ಅವನ ಊರಿಗೆ ಹೋಗುವ ಡ್ಯೂಟಿ ಕಾಕಾಗೆ ಬಿದ್ದಿತ್ತು. ಇದನ್ನು ನಾನು ಕೇಳಿದ್ದು ಇದೇ ಮೊದಲು. ಕೇಸರಿ ಭಾಗ ತಲೆಯ ಕಡೆ ಬರಬೇಕು. ಧ್ವಜ ಕುಣಿಯೊಳಗೆ ಇಳಿಯಬಾರದು, ಚಿತೆಯಲ್ಲಿ ಸುಡಬಾರದು. ಅದು ಸಂಹಿತೆಯಲ್ಲೇ ಇದೆ. ಅದಕ್ಕೇ ಕೊನೆಗೆ ತೆಗೆದು, ಮಡಿಸಿ, ಮನೆಯವರ ಕೈಗೆ ಕೊಡುತ್ತಾರೆ. "ಮಡಿಸೂದು ಸರಾಗ ಆತು" ಅಂದ ಕಾಕಾ. "ಪ್ರಾಕ್ಟೀಸ್ ಮಾಡಿರತೀವಿ. ಕೊಡೂದು ಪ್ರಾಕ್ಟೀಸ್ ಮಾಡಿರೂದಿಲ್ಲ. ಅವರವ್ವ ಕೈ ಚಾಚಲಿಲ್ಲ. ನಾ ಎಷ್ಟೊತ್ತು ಹಿಡಕೊಂಡು ನಿಂತಿದ್ನೋ ಏನೋ. ಕಡೀಕ ಊರ ಗೌಡ್ರು ಇಸಕೊಂಡ್ರು."

ಹುಡುಗ ಇಯರ್‌ಫೋನು ತೆಗೆದಿದ್ದ.

ಅಲ್ಲಿಂದ ಕುಂದಗೋಳ ತಾಲೂಕಿನ ಬೆಟದೂರಿಗೆ. ಶ್ರಾವಣದ ಜಿಟಿಜಿಟಿ ಮಳೆ, ಎರಡೂ ಬದಿ ಎರೆ ಹೊಲ, ಹೆಸರು ಬಿಡಿಸುವ ಆಳುಗಳು. ಕಾರು ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಎರೆಮಣ್ಣು ಮೆತ್ತಿ ಅಡಿ ಎರಡು ಇಂಚು ಮೇಲೆದ್ದಿತ್ತು. ಈ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ.

ಹನುಮಂತಪ್ಪ ಕೊಪ್ಪದ ಈ ಊರಿನವರು. 19ನೇ ಮದ್ರಾಸ್ ಬೆಟಾಲಿಯನ್‌ನ ಲ್ಯಾನ್ಸ್ ನಾಯಕ್. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಅಡಿಯಲ್ಲಿ ಸಿಕ್ಕಿದರು. ಹುಡುಕುವ ತಂಡದಲ್ಲಿ ಡಾಟ್ ಮತ್ತು ಮೀಶಾ ಅನ್ನುವ ಎರಡು ನಾಯಿಗಳೂ ಇದ್ದವು. ಕಲ್ಲಿನಂತೆ ಗಟ್ಟಿಯಾದ ಮಂಜನ್ನು ಕೊರೆಯುತ್ತಾ ಹೋಗಿ, ಫೆಬ್ರುವರಿ 8ರಂದು ಅಡಿಗಟ್ಟಲೆ ಹಿಮದ ಕೆಳಗೆ ಹನುಮಂತಪ್ಪ ಜೀವಂತ ಸಿಕ್ಕಾಗ ಇಡೀ ದೇಶ ಉಸಿರು ಬಿಗಿಹಿಡಿಯಿತು. ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. 11ರಂದು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಹಿಮದಲ್ಲೇ ಹೋಗಿದ್ದರು. ಊರಿಗೆ ತಂದು ಇಲ್ಲೇ ಮಣ್ಣು ಮಾಡಿದರು. ಆಮೇಲೆ ಸೇನಾ ಪದಕ ಬಂತು.

ಆ ವಾರ ನನಗೆ ಚೆನ್ನಾಗಿ ನೆನಪಿದೆ. ಗುಡಿಯಲ್ಲಿ ಪೂಜೆ, ದರ್ಗಾದಲ್ಲಿ ದುವಾ, ನಮ್ಮ ಸಭೆಯಲ್ಲಿ ವಿಶೇಷ ಪ್ರಾರ್ಥನೆ. ಹಿಮದಡಿಯಿಂದ ಎದ್ದು ಬಂದದ್ದನ್ನು ಕೆಲವರು ಯೇಸು ಸಾವಿನಿಂದ ಎಬ್ಬಿಸಿದ ಲಾಜರನ ಕಥೆಗೆ ಹೋಲಿಸಿದರು. ಇನ್ನೂ ಕೆಲವರು ಪುನರುತ್ಥಾನದ ಮಾತನ್ನೇ ತೆಗೆದರು. ತೀರಿಕೊಂಡ ಸುದ್ದಿ ಬಂದ ಮೇಲೆ ಅವರೆಲ್ಲ ಸುಮ್ಮನಾದರು. ನನಗೆ ಆಗಲೂ ಇದು ಹಿಡಿಸಿರಲಿಲ್ಲ, ಈಗಲೂ ಇಲ್ಲ. ಸೈನಿಕನ ಕಷ್ಟವನ್ನು ನಮ್ಮ ಪ್ರಸಂಗಕ್ಕೆ ಉದಾಹರಣೆ ಮಾಡಿಕೊಳ್ಳುವ ಆತುರ ಅದು. ಪವಾಡ ಆದರೆ ದೇವರದ್ದು, ಆಗದಿದ್ದರೆ ಯಾರದ್ದೂ ಅಲ್ಲ ಅನ್ನುವಂತೆ. ಲಾಜರನೂ ಒಂದು ದಿನ ಮತ್ತೆ ಸತ್ತಿರಬೇಕು, ಅಲ್ವಾ? ಅದರ ಬಗ್ಗೆ ಸುವಾರ್ತೆ ಏನೂ ಹೇಳುವುದಿಲ್ಲ.

ಕಾಕಾ ಈ ಊರಿಗೆ ಕರೆತಂದ ಕಾರಣವೇ ಬೇರೆ. 13 ವರ್ಷದ ನೌಕರಿಯಲ್ಲಿ ಹತ್ತು ವರ್ಷ ಹನುಮಂತಪ್ಪ ಇದ್ದದ್ದು ಕಷ್ಟದ ಜಾಗಗಳಲ್ಲೇ. ಕಾಶ್ಮೀರ, ಈಶಾನ್ಯ, ಕೊನೆಗೆ ಸಿಯಾಚಿನ್. ಕೆಲವು ಕಡೆ ತಾನಾಗಿ ಕೇಳಿಕೊಂಡು ಹೋದದ್ದು.

"ಸಿಯಾಚಿನ್ನಿನಾಗ ವೈರಿಗಿಂತ ಥಂಡೀನ ಜಾಸ್ತಿ ಮಂದಿನ್ನ ತಿಂದೈತಿ" ಅಂದ ಕಾಕಾ. "ಅಲ್ಲಿ ನಿಂತವನ ಕೆಲಸ ಹೊಡ್ಯೂದಲ್ಲ. ನಿಲ್ಲೂದು. ನಿಂತ್ಕೊಂಡಿದ್ದರ ಸಾಕು. ನೀ ಓದಿ ತೋರಿಸಿದಿ ಅಲ್ಲ, ಆ ವಚನದಾಗಿನ ಸ್ನೇಹಿತರು ಯಾರು ಗೊತ್ತೈತಿ? ದೇಶ ಅಲ್ಲ. ಬಾಜೂಕ ಮಲಗಿದವ. ಅವನ ಪಾಳಿ ಬರೂತನಕ ನೀ ಎಚ್ಚರ ಇರಬೇಕು. ದೇಶ ಅನ್ನೂದು ರಜಾಕ್ಕ ಮನೀಗೆ ಬಂದಾಗ ನೆನಪಾಕ್ಕೈತಿ."

ರೆಜಿಮೆಂಟಿನ ಧ್ಯೇಯವಾಕ್ಯ ಗೀತೆಯದ್ದು, "ಸ್ವಧರ್ಮೇ ನಿಧನಂ ಶ್ರೇಯಃ". ಯುದ್ಧಘೋಷ ತಮಿಳಿನದ್ದು, "ವೀರ ಮದ್ರಾಸಿ, ಅಡಿ ಕೊಲ್ಲು". ನಮ್ಮ ಕಾಕಾ ಭಾನುವಾರ ಬೈಬಲ್ ಓದುತ್ತಿದ್ದ, ಸೋಮವಾರ ಇದನ್ನು ಕೂಗುತ್ತಿದ್ದ. ದಂಡಿನಲ್ಲಿ ಸರ್ವಧರ್ಮ ಸ್ಥಳ ಅಂತ ಇರುತ್ತದೆ, ಒಂದೇ ಸೂರಿನಡಿ ಎಲ್ಲರ ಪ್ರಾರ್ಥನೆ. "ಕೊಲ್ಲು ಅಂತ ಒದರೂದು ಜಡ ಆಗಲಿಲ್ಲೇನು ಕಾಕಾ, ಕ್ರೈಸ್ತ ಆಗಿ?" ಅಂತ ಕೇಳಿದೆ. ಕಾಕಾ ವೈಪರ್ ಹಾಕಿದ, ಗಾಜು ಒರೆಸಿದ, ಗೇರ್ ಬದಲಿಸಿದ. ಉತ್ತರ ಕೊಡಲಿಲ್ಲ. ಹುಬ್ಬಳ್ಳಿಗೆ ಬಂದು ಸಾವಜಿ ಖಾನಾವಳಿಯಲ್ಲಿ ಊಟಕ್ಕೆ ಕೂತ ಮೇಲೆ ಇಷ್ಟು ಹೇಳಿದ: "ಸಭಾದಾಗ ಪಾಪ ನಿವೇದನೆ ಓದತಾರಲ್ಲ. ಎಲ್ಲಾರೂ ಪುಸ್ತಕ ನೋಡಿ ಓದತಾರ. ನಾ ಪುಸ್ತಕ ನೋಡೂದಿಲ್ಲ."

ರವಿವಾರ, ಬೆಟಗೇರಿ

ಅಕ್ಕನ ಮನೆ ಬೆಟಗೇರಿಯಲ್ಲಿ. ಗದಗಿನ ಜೋಡಿ ಊರು. ನೇಕಾರರ ಕೈಮಗ್ಗದ ಸದ್ದು ಈಗ ಕಡಿಮೆಯಾಗಿದೆ. ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1841ರಲ್ಲಿ. 1902ರಲ್ಲಿ ಶುರುವಾದ ಮಿಷನ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಯವರು ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಹೇಳುತ್ತಾರೆ.

ಆ ಹೆಸರಿನ ಹಿಂದೆ ಒಂದು ಯುದ್ಧದ ಕಥೆಯೂ ಇದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಇಲ್ಲಿ ಪಾಠ ಹೇಳುತ್ತಿದ್ದ, ಔಷಧ ಕೊಡುತ್ತಿದ್ದ, ಮಗ್ಗ ಹಾಕಿಸುತ್ತಿದ್ದ ಜರ್ಮನರು ಬೆಳಗಾಗುವುದರೊಳಗೆ ಶತ್ರು ದೇಶದವರಾದರು. ಬ್ರಿಟಿಷ್ ಸರ್ಕಾರ ಹಲವರನ್ನು ಅಹ್ಮದನಗರದ ಶಿಬಿರದಲ್ಲಿ ಕೂಡಿಹಾಕಿತು, ಆಮೇಲೆ ದೇಶ ಬಿಡಿಸಿ ಕಳಿಸಿತು. ಮಿಷನ್ ಆಸ್ತಿ ಕೈಬದಲಾಯಿತು. ಹಿಡಿದವರೂ ಕ್ರೈಸ್ತರು, ಸಿಕ್ಕಿಬಿದ್ದವರೂ ಕ್ರೈಸ್ತರು. ಇಬ್ಬರ ದೇಶದಲ್ಲೂ ಚರ್ಚುಗಳಲ್ಲಿ ನಮ್ಮ ಸೈನ್ಯಕ್ಕೆ ಜಯ ಕೊಡು ಅಂತ ಪ್ರಾರ್ಥನೆ ನಡೆಯುತ್ತಿತ್ತು. ನಡುವೆ ಇಲ್ಲಿನ ಸಭೆಯವರು, ತಮ್ಮ ಅಯ್ಯನವರನ್ನು ಪೊಲೀಸರು ಕರೆದೊಯ್ಯುವುದನ್ನು ನೋಡುತ್ತಾ ನಿಂತವರು. ಆ ಜನ ಯಾರ ಜಯಕ್ಕೆ ಪ್ರಾರ್ಥಿಸಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬೆಳಗಿನ ಆರಾಧನೆಗೆ ಹೋದೆವು. ಸ್ವಾತಂತ್ರ್ಯ ದಿನದ ಹಿಂದಿನ ರವಿವಾರ. ಬಿಡುಗಡೆಯ ಮಾತಿರುವ, ಗಲಾತ್ಯದವರಿಗೆ ಬರೆದ ಪತ್ರವನ್ನೇ ಓದುತ್ತಾರೆ ಅಂದುಕೊಂಡಿದ್ದೆ. ಸಭಾಪಾಲಕರು ಎರಡನೇ ಸಮುವೇಲ 23ನೇ ಅಧ್ಯಾಯ ತೆಗೆದರು.

ದಾವೀದ ಅದುಲ್ಲಾಮ್ ಗವಿಯಲ್ಲಿದ್ದಾನೆ. ಅವನ ಹುಟ್ಟೂರು ಬೇತ್ಲೆಹೇಮ್ ಫಿಲಿಷ್ಟಿಯರ ಕೈಯಲ್ಲಿದೆ. ಸುಗ್ಗಿಯ ಬಿಸಿಲು. ಊರ ಬಾಗಿಲ ಹತ್ತಿರದ ಬಾವಿ ನೀರು ಯಾರಾದರೂ ತಂದುಕೊಟ್ಟರೆ ಎಷ್ಟು ಚೆನ್ನ ಅಂತ ಸುಮ್ನೆ ಬಾಯಿಬಿಟ್ಟು ಅಂದುಬಿಟ್ಟ. ಮೂವರು ಯೋಧರು ಕೇಳಿಸಿಕೊಂಡರು. ಶತ್ರುಗಳ ದಂಡಿನ ನಡುವೆ ನುಗ್ಗಿ, ನೀರು ಸೇದಿ, ತಂದು ಕೊಟ್ಟರು. ದಾವೀದ ಕುಡಿಯಲಿಲ್ಲ. ಯೆಹೋವನ ಮುಂದೆ ಹೊಯ್ದುಬಿಟ್ಟ. ಪ್ರಾಣದ ಹಂಗು ತೊರೆದು ಹೋದವರ ರಕ್ತ ಇದು, ನಾನು ಹೇಗೆ ಕುಡಿಯಲಿ ಅಂದ.

ಸಣ್ಣವನಿದ್ದಾಗ ಸಂಡೇ ಸ್ಕೂಲಿನಲ್ಲಿ ಈ ಕಥೆ ಕೇಳಿ ನನಗೆ ಸಿಟ್ಟು ಬಂದಿತ್ತು. ಅಷ್ಟು ಕಷ್ಟಪಟ್ಟು ತಂದ ನೀರು ಚೆಲ್ಲುವುದಾ? ಸಭಾಪಾಲಕರು ಹೇಳಿದ್ದು ಬೇರೆ ಥರ. ಆ ಮೂವರು ರಾಜನಿಗಾಗಿ ಸಾಯಲು ತಯಾರಿದ್ದರು. ಇನ್ನೊಮ್ಮೆ ಬಾಯಾರಿಕೆ ಅಂದರೆ ಇನ್ನೊಮ್ಮೆ ಹೋಗುತ್ತಿದ್ದರು. ಕುಡಿದಿದ್ದರೆ ದಾವೀದನಿಗೆ ರುಚಿ ಹತ್ತುತ್ತಿತ್ತು. ಯುವಕರ ಪ್ರಾಣ ಅಷ್ಟು ಸಲೀಸಾಗಿ ಸಿಗುತ್ತದೆ ಅಂತ ಗೊತ್ತಾದ ರಾಜ ಏನೇನು ಕೇಳಿಯಾನು? ಅದಕ್ಕೇ ಆ ಲೋಟ ಅವನದ್ದಲ್ಲ, ದೇವರದ್ದು ಅಂತ ಕೈ ತೆಗೆದುಬಿಟ್ಟ. ಆಮೇಲೆ ಕರ್ತರ ಭೋಜನಕ್ಕೆ ಕರೆದರು. ದಾವೀದ ಕುಡಿಯದ ಲೋಟ, ಕ್ರಿಸ್ತ ತಾನೇ ಕೈಯಾರೆ ಕೊಟ್ಟು ಎಲ್ಲರೂ ಕುಡಿಯಿರಿ ಅಂದ ಲೋಟ. ಎರಡನ್ನೂ ಅವರು ಅಕ್ಕಪಕ್ಕ ಇಟ್ಟರು, ವಿವರಿಸಲು ಹೋಗಲಿಲ್ಲ. ಒಳ್ಳೆಯದೇ ಮಾಡಿದರು. ನಾನಾಗಿದ್ದರೆ ಇನ್ನೂ ಕಾಲು ಗಂಟೆ ವಿವರಿಸುತ್ತಿದ್ದೆ.

ಪಾಪ ನಿವೇದನೆ ಹೊತ್ತಿನಲ್ಲಿ ನಾನು ಕಾಕಾನ ಕಡೆ ನೋಡಲಿಲ್ಲ. ನೋಡಬಾರದು ಅನ್ನಿಸಿತು.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಕೋಳಿ ಸಾರು, ಜೋಳದ ರೊಟ್ಟಿ. ಊಟ ಮುಗಿಯುವ ಹೊತ್ತಿಗೆ ಹುಡುಗ ಒಳಗಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದು ಕಾಕಾನ ಮುಂದೆ ಇಟ್ಟ. ಸೈನ್ಯದ ಅಗ್ನಿವೀರ್ ಭರ್ತಿಗೆ ಬೇಕಾದ ಕಾಗದಗಳು. ಹದಿನೇಳೂವರೆ ತುಂಬಿದೆ, ಹದಿನೆಂಟು ಆಗಿಲ್ಲ. ಹಾಗಾಗಿ ಪಾಲಕರ ಸಹಿ ಬೇಕೇ ಬೇಕು. ಅಕ್ಕ ಮೂರು ವಾರದಿಂದ ಆ ಫೈಲ್ ಮುಟ್ಟಿಲ್ಲವಂತೆ. ಅವಳೇ ಕಾಕಾಗೆ ಫೋನ್ ಮಾಡಿ, ಇವನ ತಲೆಯಿಂದ ಇದನ್ನು ತೆಗೆಯಿರಿ ಅಂದಿದ್ದಳು. ಇವನೂ ಕಾಕಾಗೇ ಫೋನ್ ಮಾಡಿ ಅವ್ವನಿಗೆ ಹೇಳು ಅಂದಿದ್ದ. ಕಾಕಾ ಇಬ್ಬರಿಗೂ ಆಯಿತು ಅಂದಿದ್ದನಂತೆ. ನನ್ನ ಭಾಷಣದ ನೆಪದಲ್ಲಿ ಇಷ್ಟೆಲ್ಲ ನಡೆದಿದೆ ಅಂತ ನನಗೆ ಗೊತ್ತಾದದ್ದು ಆಗಲೇ.

ಹುಡುಗ ತಯಾರಾಗಿದ್ದ. "ಬೈಬಲ್ಲಿನಾಗ ಎಲ್ಲೂ ಸೈನ್ಯ ಬ್ಯಾಡ ಅಂದಿಲ್ಲ" ಅಂತ ಶುರು ಮಾಡಿದ. ಕಪೆರ್ನೌಮಿನ ಶತಾಧಿಪತಿಯ, ಅಂದರೆ ರೋಮನ್ ಸೈನ್ಯದ ಅಧಿಕಾರಿಯ, ನಂಬಿಕೆಯನ್ನು ಯೇಸು ಹೊಗಳಿದ. ಶಿಲುಬೆಯ ಕೆಳಗೆ ಇವನು ದೇವರ ಮಗ ಅಂದವನೂ ಶತಾಧಿಪತಿ. ಕೊರ್ನೇಲ್ಯ ಸೈನ್ಯದವನು, ಪೇತ್ರ ಅವನ ಮನೆಗೇ ಹೋದ. 1971ರ ಡಿಸೆಂಬರ್ 3ರಂದು ಗಂಗಾಸಾಗರದಲ್ಲಿ ಬಿದ್ದು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ ನಮ್ಮ ಹಾಗೇ ಕ್ರೈಸ್ತ. ಹೋಮ್‌ವರ್ಕ್ ಚೆನ್ನಾಗಿ ಮಾಡಿದ್ದ ಅನ್ನಬೇಕು.

"ಸ್ನಾನಿಕ ಯೋಹಾನನ್ನ ಬಿಟ್ಟಿ" ಅಂದ ಕಾಕಾ. "ಸೈನಿಕರು ಬಂದು ನಾವೇನ್ ಮಾಡಬೇಕು ಅಂತ ಕೇಳಿದ್ರ, ನೌಕರಿ ಬಿಡ್ರಿ ಅನಲಿಲ್ಲ ಅವ. ಯಾರ ಕಡೀನೂ ರೊಕ್ಕ ಕಸಕೋಬ್ಯಾಡ್ರಿ, ಸುಳ್ಳು ಕೇಸ್ ಹಾಕಬ್ಯಾಡ್ರಿ, ಪಗಾರ ಸಾಕನ್ರಿ ಅಂದ. ಪಗಾರ ಸಾಕನ್ನೂದು ಎಲ್ಲಾಕ್ಕಿಂತ ಜಡ."

ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ. ತಾಟು ಎತ್ತುತ್ತಾ ಹೇಳಿದಳು: "ಅದ ಪೇತ್ರಗ ಕತ್ತಿ ಒರೀಗೆ ಹಾಕು ಅಂದಿದ್ದೂ ಬೈಬಲ್ಲಿನಾಗ ಐತಿ. ಕತ್ತಿ ಹಿಡದವರು ಕತ್ತೀಲೇ ಸಾಯತಾರ ಅಂತ."

"ಅವ್ವಾ, ಅದು ಬ್ಯಾರೆ..."

"ಹೂಂ, ಬ್ಯಾರೆ. ಇನ್ನೊಂದೈತಿ. ಸಿಮೆಯೋನ ಕೂಸು ಎತ್ಕೊಂಡು ಮರಿಯಳಿಗೆ ಏನಂದ? ನಿನ್ನ ಜೀವಕ್ಕೂ ಕತ್ತಿ ನಾಟತೈತಿ ಅಂದ. ಕೂಸನ್ನ ದೇವಾಲಯದಾಗ ದೇವರಿಗೆ ಅರ್ಪಿಸಾಕ ಹೋದಾಕಿಗೆ ಅದು. ಮೂರು ದಿನದಿಂದ ಗೋರಿ ನೋಡ್ಕೋತ ತಿರುಗಾಕತ್ತೀರಿ. ಒಬ್ಬ ಅವ್ವನ್ನರ ಮಾತಾಡಿಸಿ ಬಂದೀರೇನು?"

ಕಾಕಾ ನೀರು ಕುಡಿದ. ಬ್ಯಾಗಿನಲ್ಲಿದ್ದ ನನ್ನ ಎರಡು ಪುಟದ ಭಾಷಣದಲ್ಲಿ ಅವ್ವಂದಿರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸೋಮವಾರ, ಮೋಟೆಬೆನ್ನೂರು, ಹೊಸರಿತ್ತಿ

ಲಕ್ಷ್ಮೇಶ್ವರದ ಮೇಲಿಂದ ಹಾವೇರಿ ಜಿಲ್ಲೆಗೆ ಬಂದೆವು. ರಸ್ತೆ ಬಗ್ಗೆ ಏನೂ ಬರೆಯುವುದಿಲ್ಲ, ಬೆನ್ನು ಇನ್ನೂ ನೋಯುತ್ತಿದೆ.

ಮೋಟೆಬೆನ್ನೂರು ಮೈಲಾರ ಮಹಾದೇವನ ಹುಟ್ಟೂರು. 1911ರಲ್ಲಿ ಹುಟ್ಟಿದವರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ಸಾಬರಮತಿಯಿಂದ ಹೊರಟವರಲ್ಲಿ ಕರ್ನಾಟಕದವರು ಇವರೊಬ್ಬರೇ. ಮಾರ್ಚ್ 12ಕ್ಕೆ ಹೊರಟು ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದ ಆ ನಡಿಗೆಯಲ್ಲಿ ಹತ್ತೊಂಬತ್ತು ತುಂಬದ ಹುಡುಗ. ನನ್ನ ಅಳಿಯನಿಗಿಂತ ಒಂದು ವರ್ಷ ದೊಡ್ಡವನು ಅಷ್ಟೇ. ಅದೇ ಗುಂಪಿನಲ್ಲಿ ಒಬ್ಬ ಕ್ರೈಸ್ತನೂ ಇದ್ದ. ಕೇರಳದ ಮಾರಾಮಣ್ಣಿನ ಟೈಟಸ್, ಆಶ್ರಮದ ಹೈನು ನೋಡಿಕೊಳ್ಳುತ್ತಿದ್ದವನು. ಆ ಯಾತ್ರೆಗೆ ಹೊರಟ ಒಬ್ಬನೇ ಕ್ರೈಸ್ತ ಅವನು. ಬೀಳುವ ಲಾಠಿಗೆ ಕೈ ಎತ್ತದೆ ನಿಲ್ಲುವುದನ್ನು ಗಾಂಧೀಜಿ ಕಲಿತದ್ದರಲ್ಲಿ ಯೇಸುವಿನ ಪರ್ವತ ಪ್ರಸಂಗದ ಪಾಲೂ ಇದೆ, ಅವರೇ ಹೇಳಿಕೊಂಡಿದ್ದಾರೆ. ನಮ್ಮ ಸಭೆಗಳಲ್ಲಿ ಟೈಟಸ್ ಹೆಸರು ಎಷ್ಟು ಮಂದಿಗೆ ಗೊತ್ತು? ಆಲ್ಬರ್ಟ್ ಎಕ್ಕಾ ಗೊತ್ತು, ಗೊತ್ತಿರಲೇಬೇಕು. ಆದರೆ ಬಂದೂಕಿಲ್ಲದೆ ಹೊರಟವನ ಹೆಸರು ಆಗಸ್ಟ್ 15ರ ಪ್ರಾರ್ಥನೆಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಮಹಾದೇವ ಕೊನೆತನಕ ಉಪ್ಪಿನ ಸತ್ಯಾಗ್ರಹದ ದಾರಿಯಲ್ಲೇ ಉಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಊರಿಗೆ ಬಂದು ಖಾದಿ ಕೆಲಸ ಮಾಡಿದರು. ಹೆಂಡತಿ ಸಿದ್ದಮ್ಮನೂ ಚಳವಳಿಗೆ ಇಳಿದು ಜೈಲು ಕಂಡರು. 1942ರಲ್ಲಿ ಚಲೇಜಾವ್ ಶುರುವಾದ ಮೇಲೆ ಮಹಾದೇವ ಭೂಗತರಾಗಿ ಸರ್ಕಾರದ ಕಚೇರಿ, ದಾಖಲೆ, ಖಜಾನೆಗಳ ಮೇಲೆ ಬಿದ್ದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದಲ್ಲಿಗೆ ನುಗ್ಗಿದಾಗ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವನಿಗೆ ಆಗ 31. ಈಗ ಹಾವೇರಿ ರೈಲ್ವೆ ನಿಲ್ದಾಣಕ್ಕೆ ಅವರದೇ ಹೆಸರು.

ಹೊಸರಿತ್ತಿ ವರದಾ ನದಿ ದಂಡೆಯ ಊರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಊರ ಹಿರಿಯರೊಬ್ಬರು ಚಹಾದಂಗಡಿ ಕಟ್ಟೆಯ ಮೇಲೆ ಕೂತು ಹಳೆ ಮಾತು ಹೇಳಿದರು, ಅವರ ಅಪ್ಪನಿಂದ ಕೇಳಿದ್ದು. ಹುಡುಗ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಸಿದ್ದಮ್ಮನ ಬಗ್ಗೆ ಕೇಳಿದವನೂ ಅವನೇ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಿನ್ನೆಯ ತಾಟಿನ ಮುಂದಿನ ಮಾತು ಅವನಿಗೆ ತಟ್ಟಿತ್ತು ಅನ್ನಿ.

ಆ ಹಿರಿಯರು ಎದ್ದು ಹೋದ ಮೇಲೆ ಕಾಕಾ ನನಗೆ ಹೇಳಿದ: "ನಿನ್ನ ಭಾಷಣದಾಗ ಒಂದ್ ಮಾತು ತೆಗೀ. ಕ್ರಿಸ್ತನ ಹಂಗ ಸೈನಿಕ ಅಂತ ಬರದೀಯಲ್ಲ, ಅದನ್ನ ತೆಗೀ. ಅವ ವೈರಿಗಳ ಸಲುವಾಗಿ ಸತ್ತ. ನಾವು ಅದನ್ನ ಮಾಡಾಕ ಹೋಗಿರೂದಿಲ್ಲ. ನಮಗ ಆ ಹೆಸರು ಭಾಳ ಭಾರ ಆಕ್ಕೈತಿ."

"ಹಂಗಾರ ಏನ್ ಬರೀಲಿ?"

"ದಾವೀದ ನೀರು ಚೆಲ್ಲಿದ್ದು ಓದು. ಸಾಕು."

ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪೌಲ ಹೇಳುವುದೂ ಅದನ್ನೇ. ಒಳ್ಳೆಯವನಿಗಾಗಿ ಯಾರಾದರೂ ಸಾಯಲು ಧೈರ್ಯ ಮಾಡಿಯಾರು, ನಾವು ವೈರಿಗಳಾಗಿದ್ದಾಗಲೇ ಆತ ಸತ್ತ. ಕಾಕಾ ಆ ಅಧ್ಯಾಯದ ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು. ಕಾಕಾ ಸ್ಪೀಕರ್ ಹಾಕಿದ. ರಾತ್ರಿ ನಿದ್ದೆ ಮಾಡಿಲ್ಲವಂತೆ. ಎರಡನೇ ಪಿಯುಸಿ ಪರೀಕ್ಷೆ ಬರೆದು ಪಾಸಾಗಲಿ, ಅಲ್ಲಿಯವರೆಗೆ ಹದಿನೆಂಟೂ ತುಂಬುತ್ತದೆ, ಆಗ ನನ್ನ ಸಹಿ ಬೇಕಾಗುವುದಿಲ್ಲ, ಅವನೇ ಮಾಡಿಕೊಳ್ಳಲಿ ಅಂದಳು. ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ ಎಪ್ಪತ್ತೈದು ಮಂದಿಯನ್ನು ಮನೆಗೆ ಕಳಿಸುತ್ತಾರಂತೆ, ಆಮೇಲೇನು ಅಂತಲೂ ಕೇಳಿದಳು. ಕಾಕಾ ಅದಕ್ಕೆ ಸುಳ್ಳು ಸಮಾಧಾನ ಹೇಳಲಿಲ್ಲ. ಖರೇ ಐತಿ ಅಂದ. ಹುಡುಗ ಮುಖ ಊದಿಸಿಕೊಂಡು ಹೊಳೆ ಕಡೆ ತಿರುಗಿದ.

"ಯಾಕ್ ಗಡಿಬಿಡಿ? ಇನ್ನೂ ಟೈಮ್ ಐತಿ" ಅಂದ ಕಾಕಾ. "ಒಂದು ಮೈಲಿ ಎಷ್ಟರಾಗ ಓಡತಿ, ಮೊದಲ ಅದನ್ನ ಹೇಳು."

ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ, ಪೂರ್ತಿ ಅಂಕ ಬೇಕಾದರೆ ಐದೂವರೆ ನಿಮಿಷದೊಳಗೆ. ಊರ ಹೊರಗಿನ ರಸ್ತೆಯಲ್ಲಿ ಕಾರಿನ ಮೀಟರ್ ನೋಡಿಕೊಂಡು ಅಳತೆ ಮಾಡಿದೆವು. ಹುಡುಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದ. ನಾನು ಹಿಂದೆ ಕಾರಿನಲ್ಲಿ, ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ತಮಿಳಿನಲ್ಲಿ ಬೈಯುತ್ತಾ. ಏಳು ನಿಮಿಷ ದಾಟಿತು. ಕೊನೆಗೆ ಬದುವಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದವನಿಗೆ ಕಾಕಾ ನೀರಿನ ಬಾಟಲಿ ಕೊಟ್ಟ.

"ಇದನ್ನ ಚೆಲ್ಲಬ್ಯಾಡ, ಕುಡಿ. ಮತ್ತ ನಾಳಿಂದ ಮುಂಜಾನೆ ಐದಕ್ಕ ಏಳು. ಪರೀಕ್ಷಾಕ್ಕೂ ಆತು, ಓಟಕ್ಕೂ ಆತು."

ಹಾವೇರಿಗೆ ಬಂದು ಊಟ ಮಾಡುವ ಹೊತ್ತಿಗೆ ಮೂರು ಗಂಟೆ. ಹುಡುಗ ಆರು ರೊಟ್ಟಿ ತಿಂದ.